ಹಣತೆಯಿಂದ ಹಿಡಿ ಅಕ್ಕಿಯವರೆಗೆ: ಆರೋಗ್ಯ ಸೇವಾಸಂಸ್ಥೆಗಳಿಗೆ ನೆರವಾಗುವ ಬಗೆಗಳು

‘ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ’ ಎಂಬ ಗಾದೆಯನ್ನು ನಮ್ಮ ಹಿರಿಯರು ಬಾಯಲ್ಲಿ ಹೇಳಿದ್ದಷ್ಟೇ ಅಲ್ಲ, ಅಡುಗೆಮನೆಯಲ್ಲಿ ಆಚರಿಸಿಯೂ ತೋರಿಸಿದವರು. ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಬೇರೆ ಡಬ್ಬಿಗೆ ಹಾಕಿಡುವ ಪದ್ಧತಿ ಎಷ್ಟೋ ಮನೆಗಳಲ್ಲಿತ್ತು. ತುಂಬಿದ ಡಬ್ಬಿ ಮಠಕ್ಕೋ, ಉಚಿತ ವಿದ್ಯಾರ್ಥಿನಿಲಯಕ್ಕೋ ಸಲ್ಲುತ್ತಿತ್ತು. ಕೊಟ್ಟವರಿಗೆ ಹೊರೆಯೆನಿಸದ, ಪಡೆದವರಿಗೆ ನಿಜವಾಗಿ ಹೊಟ್ಟೆ ತುಂಬಿಸಿದ ದಾನವದು.

ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಆ ಡಬ್ಬಿ ಮರೆಯಾಗಿರಬಹುದು. ಕೊಡುವ ಮನಸ್ಸು ಮರೆಯಾಗಿಲ್ಲ. ದೀಪಾವಳಿ ಬಂತೆಂದರೆ ವಸತಿ ಸಂಕೀರ್ಣದ ಅಂಗಳದಲ್ಲಿ ಹಣತೆ, ಮೇಣದಬತ್ತಿ, ಶುಭಾಶಯ ಪತ್ರಗಳ ಮಳಿಗೆಗಳು ಏಳುತ್ತವೆ. ‘ಇದರ ಹಣ ಕ್ಯಾನ್ಸರ್ ರೋಗಿಗಳಿಗೆ’ ಎಂಬ ಫಲಕ ಕಂಡಾಗ ನಾವು ಎರಡು ಹೆಚ್ಚೇ ಕೊಳ್ಳುತ್ತೇವೆ. ಆದರೆ ಆ ಹಣ ಯಾರಿಗೆ, ಎಷ್ಟು, ಹೇಗೆ ಮುಟ್ಟುತ್ತದೆ ಎಂದು ಕೇಳುವವರು ಕಡಿಮೆ. ಕರಕುಶಲ ವಸ್ತು, ಉಡುಗೊರೆ ಹಾಗೂ ದಿನನಿತ್ಯದ ಸಣ್ಣ ಕೊಡುಗೆಗಳ ಮೂಲಕ ಆರೋಗ್ಯ ಸೇವಾಸಂಸ್ಥೆಗಳಿಗೆ ಅರ್ಥಪೂರ್ಣವಾಗಿ ನೆರವಾಗುವುದು ಹೇಗೆಂಬ ಮಾಹಿತಿಯನ್ನು ಓದುಗರ ಅನುಕೂಲಕ್ಕಾಗಿ ಇಲ್ಲಿ ಒಂದೆಡೆ ಕೊಡುತ್ತಿದ್ದೇವೆ.

ನಮ್ಮದೇ ಒಂದು ತಪ್ಪು

ಮೊದಲು ನಮ್ಮ ತಪ್ಪನ್ನೇ ಹೇಳಿಕೊಳ್ಳುವುದು ಒಳಿತು. ಕೆಲವು ವರ್ಷಗಳ ಹಿಂದೆ ಹಬ್ಬದ ಸಂದರ್ಭದಲ್ಲಿ ನಮ್ಮ ಬಳಗದವರು ಆಸ್ಪತ್ರೆಯೊಂದರ ಮಕ್ಕಳ ವಾರ್ಡಿಗೆ ಮನೆಯಲ್ಲೇ ಮಾಡಿದ ರವೆ ಉಂಡೆ, ಚಕ್ಕುಲಿ, ಹೂವಿನ ಗುಚ್ಛ, ಮೆತ್ತನೆಯ ಬೊಂಬೆಗಳನ್ನು ಹೊತ್ತು ಹೋಗಿದ್ದೆವು. ಬಾಗಿಲಲ್ಲೇ ನರ್ಸಮ್ಮನವರು ಸೌಜನ್ಯದಿಂದ ತಡೆದರು. ಕ್ಯಾನ್ಸರಿಗೆ ಔಷಧೋಪಚಾರ ನಡೆಯುತ್ತಿರುವ ಮಕ್ಕಳ ರಕ್ತದಲ್ಲಿ ಬಿಳಿಕಣಗಳು ಕುಸಿದಿರುತ್ತವೆ. ಹೊರಗಿನ ತಿನಿಸು, ಹೂವಿನ ಕುಂಡದ ನೀರು, ತೊಳೆಯಲಾಗದ ಬೊಂಬೆ ಇವೆಲ್ಲ ಸೋಂಕಿಗೆ ದಾರಿಯಾಗಬಲ್ಲವು ಎಂದು ವಿವರಿಸಿದರು. ಹಾಗಾದರೆ ಏನು ತರಲಿ ಎಂದು ಕೇಳಿದಾಗ ಬಂದ ಉತ್ತರ: ಕೈತೊಳೆಯುವ ದ್ರಾವಣ, ಹೊಸ ಟವೆಲು, ಬಣ್ಣದ ಪೆನ್ಸಿಲು, ಪರಊರಿನಿಂದ ಬಂದ ತಾಯಂದಿರಿಗೆ ಬೇಳೆ ಮತ್ತು ಎಣ್ಣೆ. ಒಂದು ದೂರವಾಣಿ ಕರೆಯಲ್ಲಿ ತಿಳಿಯಬಹುದಾಗಿದ್ದ ಸಂಗತಿಯನ್ನು ಹತ್ತು ಮನೆಗಳ ಎರಡು ದಿನದ ಶ್ರಮ ಕಳೆದ ಮೇಲೆ ತಿಳಿದೆವು.

ಅಂದಿನಿಂದ ನಾವು ಪಾಲಿಸುತ್ತ ಬಂದ ನಿಯಮ ಒಂದೇ: ಮೊದಲು ಕೇಳುವುದು, ಆಮೇಲೆ ಕೊಡುವುದು.

ಒಂದು ಚೀಟಿಯ ಕಥೆ

ಸಣ್ಣ ವಸ್ತುವೊಂದನ್ನು ಮಾರಿ ದೊಡ್ಡ ರೋಗವನ್ನು ಎದುರಿಸುವ ಕಲ್ಪನೆಗೆ ನೂರಿಪ್ಪತ್ತು ವರ್ಷಗಳ ಇತಿಹಾಸವಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಐನಾರ್ ಹೋಲ್ಬೊಲ್ ಎಂಬ ಅಂಚೆ ನೌಕರರಿದ್ದರು. ಕ್ರಿಸ್‌ಮಸ್ ಸಮಯದಲ್ಲಿ ರಾಶಿರಾಶಿ ಪತ್ರಗಳನ್ನು ವಿಂಗಡಿಸುವಾಗ, ಪ್ರತಿಯೊಂದು ಪತ್ರಕ್ಕೂ ಅಂಚೆಚೀಟಿಯ ಜೊತೆ ಇನ್ನೊಂದು ಅಗ್ಗದ ಚೀಟಿ ಅಂಟಿಸಿದರೆ ಆ ಹಣದಿಂದ ಕ್ಷಯರೋಗದ ಮಕ್ಕಳಿಗೆ ಆಸ್ಪತ್ರೆ ಕಟ್ಟಬಹುದಲ್ಲ ಎಂದು ಅವರಿಗೆ ಹೊಳೆಯಿತು. 1904ರಲ್ಲಿ ಮೊದಲ ಚೀಟಿ ಹೊರಬಂದಿತು. ಮೊದಲ ಹಂಗಾಮಿನಲ್ಲೇ 40 ಲಕ್ಷಕ್ಕೂ ಹೆಚ್ಚು ಮಾರಾಟವಾದವು. 1907ರಲ್ಲಿ ಅಮೆರಿಕದ ಡೆಲಾವೇರ್‌ನಲ್ಲಿ ಎಮಿಲಿ ಬಿಸೆಲ್ ಎಂಬ ಮಹಿಳೆ ಮುಚ್ಚುವ ಸ್ಥಿತಿಗೆ ಬಂದ ಚಿಕ್ಕ ಕ್ಷಯರೋಗ ಆಸ್ಪತ್ರೆಯೊಂದನ್ನು ಉಳಿಸಲು ಇದೇ ಉಪಾಯ ಹೂಡಿದರು. ಬೇಕಾಗಿದ್ದುದು 300 ಡಾಲರ್. ಒಂದೊಂದು ಸೆಂಟಿನ ಚೀಟಿ ಮಾರಿ ಕೂಡಿದ್ದು ಅದರ ಹತ್ತು ಪಟ್ಟು.

ಕ್ಷಯಕ್ಕೆ ಪರಿಣಾಮಕಾರಿ ಔಷಧವೇ ಇಲ್ಲದಿದ್ದ ಆ ಕಾಲದ ನೋವು ಕನ್ನಡ ನಾಡಿಗೂ ಗೊತ್ತಿದ್ದದ್ದೇ. ಮೈಸೂರಿನ ಕ್ಷಯರೋಗ ಆಸ್ಪತ್ರೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಹೊತ್ತಿರುವುದು ಅರಮನೆಯನ್ನೂ ಬಿಡದ ಆ ರೋಗದ ನೆನಪಿನಿಂದಲೇ. 1939ರಲ್ಲಿ ಸ್ಥಾಪನೆಯಾದ ಭಾರತೀಯ ಕ್ಷಯರೋಗ ಸಂಘವು 1950ರಿಂದ ನಮ್ಮ ದೇಶದಲ್ಲೂ ‘ಟಿ.ಬಿ. ಸೀಲ್’ ಮಾರಾಟವನ್ನು ಆರಂಭಿಸಿತು. ಗಾಂಧಿ ಜಯಂತಿಯ ದಿನ ಅದರ ಅಭಿಯಾನ ಶುರುವಾಗುವುದು ರೂಢಿಯಾಯಿತು. ಶಾಲೆಯಲ್ಲಿ ಮೇಷ್ಟ್ರು ಹಂಚಿದ ಆ ಚೀಟಿಯನ್ನು ಮನೆಗೆ ತಂದು ಅಪ್ಪನಿಂದ ಚಿಲ್ಲರೆ ಕೇಳಿದ ನೆನಪು ನಮ್ಮ ಹಿರಿಯ ಓದುಗರಲ್ಲಿ ಹಲವರಿಗೆ ಇರಬಹುದು.

ಯುನಿಸೆಫ್ ಸಂಸ್ಥೆಯ ಶುಭಾಶಯ ಪತ್ರದ ಹುಟ್ಟು ಇನ್ನೂ ಹೃದ್ಯವಾದುದು. ಎರಡನೆಯ ಮಹಾಯುದ್ಧದ ನಂತರ ಸಹಾಯ ಪಡೆದ ಜೆಕೊಸ್ಲೊವಾಕಿಯಾದ ಹಳ್ಳಿಯೊಂದರ ಏಳು ವರ್ಷದ ಬಾಲಕಿ ಯಿಟ್ಕಾ ಕೃತಜ್ಞತೆಗಾಗಿ ಚಿತ್ರ ಬರೆದಳು. ಕಾಗದದ ಅಭಾವದಿಂದ ಆಕೆ ಅದನ್ನು ಬರೆದದ್ದು ಗಾಜಿನ ಮೇಲೆ. 1949ರಲ್ಲಿ ಅದೇ ಸಂಸ್ಥೆಯ ಮೊದಲ ಪತ್ರವಾಯಿತು. ಅಮೆರಿಕದಲ್ಲಿ 1938ರಲ್ಲಿ ಪೋಲಿಯೋ ನಿರ್ಮೂಲನೆಗಾಗಿ ಒಂದು ಡೈಮ್, ಅಂದರೆ ಹತ್ತು ಸೆಂಟ್ ನಾಣ್ಯ, ಕಳಿಸಿರೆಂಬ ಕರೆ ಹೊರಟಾಗ ಅಧ್ಯಕ್ಷರ ನಿವಾಸಕ್ಕೆ 26 ಲಕ್ಷಕ್ಕೂ ಮೀರಿ ನಾಣ್ಯಗಳು ಬಂದು ಬಿದ್ದವು. 1955ರಲ್ಲಿ ಯಶಸ್ವಿಯೆಂದು ಘೋಷಿತವಾದ ಜೋನಾಸ್ ಸಾಲ್ಕರ ಲಸಿಕೆಯ ಹಿಂದೆ ಇದ್ದದ್ದು ಇಂಥ ಚಿಲ್ಲರೆ ಹಣದ ಬಲವೇ.

ಈ ಎಲ್ಲ ಉದಾಹರಣೆಗಳಲ್ಲಿ ಸಮಾನವಾದ ಅಂಶವೊಂದಿದೆ. ವಸ್ತುವಿನ ತಯಾರಿಕೆಗೆ ತಗಲುತ್ತಿದ್ದ ವೆಚ್ಚ ಅತ್ಯಲ್ಪ. ಕೊಂಡವರು ಬಹಳ ಮಂದಿ. ಹಣ ಹೋಗುವ ಜಾಗ ಸ್ಪಷ್ಟ. ಇಂದು ನಮ್ಮ ಮುಂದಿರುವ ಮಳಿಗೆಯನ್ನು ಅಳೆಯಲೂ ಇದೇ ಮೂರು ಅಳತೆಗೋಲು ಸಾಕು.

ರೋಗಿಯ ಕೈಯಿಂದಲೇ ಬಂದ ವಸ್ತು

ಮಾರಾಟಕ್ಕಿಡುವ ವಸ್ತುಗಳಲ್ಲಿ ಎರಡು ಬಗೆ. ರೋಗಿಯೋ ಅಂಗವಿಕಲರೋ ತಾವೇ ತಯಾರಿಸಿ ಕೂಲಿ ಪಡೆಯುವಂಥವು ಮೊದಲನೆಯವು. ಎಲ್ಲಿಂದಲೋ ಕೊಂಡು ತಂದು ಸಂಸ್ಥೆಯ ಆದಾಯಕ್ಕಾಗಿ ಮಾರುವಂಥವು ಎರಡನೆಯವು. ಹೊರನೋಟಕ್ಕೆ ಎರಡೂ ಒಂದೇ ಹಣತೆ. ಒಳಗಿನ ಲೆಕ್ಕ ಬೇರೆ.

ಮೊದಲನೆಯ ಬಗೆಗೆ ಭಾರತದಲ್ಲಿ ಮಾದರಿಯಾಗಿ ನಿಂತದ್ದು ಮಹಾರಾಷ್ಟ್ರದ ವರೋರಾ ಸಮೀಪದ ಆನಂದವನ. 1949ರಲ್ಲಿ ಬಾಬಾ ಆಮ್ಟೆಯವರು ಕುಷ್ಠರೋಗಿಗಳ ಸೇವೆಗಾಗಿ ಸಂಸ್ಥೆ ಕಟ್ಟಿದಾಗ ಭಿಕ್ಷೆಯನ್ನಲ್ಲ, ದುಡಿಮೆಯನ್ನೇ ಅದರ ಅಡಿಪಾಯವಾಗಿ ಇಟ್ಟುಕೊಂಡರು. ರೋಗ ಗುಣವಾದ ಮೇಲೂ ಊರು ಮತ್ತೆ ಸೇರಿಸಿಕೊಳ್ಳದಿದ್ದ ಆ ದಿನಗಳಲ್ಲಿ ಬೆರಳು ಕಳೆದುಕೊಂಡವರು ಬಾವಿ ತೋಡಿದರು, ಬೆಳೆ ತೆಗೆದರು, ಮಗ್ಗ ನಡೆಸಿದರು. ಅಲ್ಲಿನ ಒಂದು ಚಾದರ ಕೊಂಡಾಗ ನಾವು ಕೊಡುವ ಹಣಕ್ಕಿಂತ, ಆ ಕೈಗಳ ಕೆಲಸವನ್ನು ನಮ್ಮ ಮನೆಯೊಳಕ್ಕೆ ಬಿಟ್ಟುಕೊಂಡೆವೆಂಬುದೇ ದೊಡ್ಡ ಸಂಗತಿಯಾಗಿತ್ತು.

ನಮ್ಮ ಓದುಗರು ನೆಲೆಸಿರುವ ನಗರಗಳಲ್ಲೂ ಇಂಥ ತಾಣಗಳುಂಟು. ಮುಂಬಯಿಯಲ್ಲಿ 1969ರಲ್ಲಿ ಆರಂಭವಾದ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ರೋಗಿಗಳಿಗೂ ಅವರ ಮನೆಯವರಿಗೂ ಕರಕುಶಲ ಕೆಲಸ ಕಲಿಸಿ ದುಡಿಮೆ ಒದಗಿಸುವ ಪುನರ್ವಸತಿ ಕೇಂದ್ರವನ್ನು ನಡೆಸಿಕೊಂಡು ಬಂದಿದೆ. ಪುಣೆಯ ಖಡ್ಕಿಯಲ್ಲಿ 1974ರಲ್ಲಿ ಸ್ಥಾಪನೆಯಾದ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಗಾಲಿಕುರ್ಚಿ ಹಿಡಿದ ಸೈನಿಕರಿದ್ದಾರೆ. ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆಯುವವರು ಅವರ ನಡುವೆ ಉಂಟು. ಚೆನ್ನೈಯಲ್ಲಿ 1993ರಲ್ಲಿ ಶುರುವಾದ ದಿ ಬ್ಯಾನಿಯನ್ ಸಂಸ್ಥೆ ಮಾನಸಿಕ ಅಸ್ವಸ್ಥತೆಯಿಂದ ಬೀದಿಪಾಲಾದ ಮಹಿಳೆಯರ ಚಿಕಿತ್ಸೆ ಹಾಗೂ ಪುನರ್ವಸತಿಗೆ ಹೆಸರಾದುದು. ದೆಹಲಿಯ ಬ್ಲೈಂಡ್ ರಿಲೀಫ್ ಅಸೋಸಿಯೇಷನ್ನಿನ ದೀಪಾವಳಿ ಮೇಳ ಆ ನಗರದ ಕನ್ನಡಿಗರಿಗೆ ಹೊಸದಲ್ಲ. ತಮ್ಮ ಕಣ್ಣಿಗೆ ಕಾಣದ ಬೆಳಕಿಗೆ ಬತ್ತಿ ಹೊಸೆಯುವವರು ಅಲ್ಲಿದ್ದಾರೆ. ಬೆಂಗಳೂರಿನ ಬಂಧುಗಳಿಗೆ ಉಡುಗೊರೆ ಕೊಡಬೇಕಿದ್ದರೆ 1959ರಿಂದ ಅಂಗವಿಕಲರಿಗಾಗಿ ದುಡಿಯುತ್ತಿರುವ ಎ.ಪಿ.ಡಿ. ಸಂಸ್ಥೆಯನ್ನು ನೆನೆಯಬಹುದು. ತೋಟಗಾರಿಕೆಯ ತರಬೇತಿ ಅಲ್ಲಿನ ವೈಶಿಷ್ಟ್ಯ. ಗೃಹಪ್ರವೇಶಕ್ಕೆ ಗೋಡೆಗಡಿಯಾರಕ್ಕಿಂತ ಒಂದು ಹೂವಿನ ಕುಂಡ ಹೆಚ್ಚು ಕಾಲ ನೆನಪಿನಲ್ಲಿ ಉಳಿದೀತು.

ಇಂಥಲ್ಲಿ ಕೊಳ್ಳುವಾಗ ಎರಡು ವಿಷಯ ಗಮನದಲ್ಲಿರಲಿ. ದರದಲ್ಲಿ ಚೌಕಾಸಿ ಬೇಡ. ಕಡಿತವಾಗುವುದು ತಯಾರಿಸಿದವರ ಕೂಲಿಯೇ. ಹಾಗೆಯೇ ಕರುಣೆಗಾಗಿ ಕೊಂಡು ಮೂಲೆಗೆ ಎಸೆಯುವುದೂ ಬೇಡ. ಬಳಸುವ ವಸ್ತುವನ್ನೇ ಕೊಂಡು, ಚೆನ್ನಾಗಿದ್ದರೆ ಮರುವರ್ಷವೂ ಬೇಡಿಕೆ ಸಲ್ಲಿಸುವುದು ನಿಜವಾದ ಗೌರವ. ದೀಪಾವಳಿಯ ಹಿಂದಿನ ವಾರ ಹೋದರೆ ಉಳಿದದ್ದಷ್ಟೇ ಸಿಕ್ಕೀತು. ಎರಡು ತಿಂಗಳು ಮೊದಲೇ ಹೇಳಿದರೆ ಅವರಿಗೆ ಕೆಲಸವೂ ನಮಗೆ ಬೇಕಾದ ವಸ್ತುವೂ ದೊರೆಯುತ್ತವೆ.

ಕೊಂಡದ್ದು ದಾನವಲ್ಲ

ಎರಡನೆಯ ಬಗೆಯ ವಸ್ತುಗಳ ವಿಷಯದಲ್ಲಿ ಸ್ವಲ್ಪ ಲೆಕ್ಕ ಹಾಕೋಣ. 200 ರೂಪಾಯಿಯ ಶುಭಾಶಯ ಪತ್ರಗಳ ಕಟ್ಟೊಂದನ್ನು ಕೊಂಡೆವೆನ್ನಿ. ಅಚ್ಚು, ಕಾಗದ, ಸಾಗಣೆ, ಮಳಿಗೆಯ ಬಾಡಿಗೆಗೆ 150 ರೂಪಾಯಿ ಕಳೆದರೆ ರೋಗಿಗೆ ಉಳಿಯುವುದು 50. ಅದೇ 200 ರೂಪಾಯಿಯನ್ನು ನೇರವಾಗಿ ಕೊಟ್ಟಿದ್ದರೆ ಮುಟ್ಟುತ್ತಿದ್ದುದು ಅದರ ಬಹುಪಾಲು. ಆದ್ದರಿಂದ ಹೇಗೂ ಕೊಳ್ಳಲೇಬೇಕಾದ ವಸ್ತುವಾದರೆ ಸಂಸ್ಥೆಯಿಂದ ಕೊಳ್ಳುವುದು ಲಾಭ. ಬೇಡದ ವಸ್ತುವಾದರೆ ಅದನ್ನು ಬಿಟ್ಟು ಹಣವನ್ನೇ ಕೊಡುವುದು ಮೇಲು. ‘ಲಾಭದ ಒಂದು ಭಾಗ ಸೇವಾಕಾರ್ಯಕ್ಕೆ’ ಎಂದು ಅಂಗಡಿಯವರು ಬರೆದಿದ್ದಲ್ಲಿ ಎಷ್ಟು ಭಾಗ, ಯಾವ ಸಂಸ್ಥೆಗೆ ಎಂದು ಕೇಳಲು ಸಂಕೋಚಪಡಬೇಕಿಲ್ಲ.

ಆದಾಯ ತೆರಿಗೆಯ ದೃಷ್ಟಿಯಿಂದಲೂ ಈ ವ್ಯತ್ಯಾಸ ಮುಖ್ಯ. ‘80ಜಿ’ ಎಂದೇ ಪರಿಚಿತವಾದ ರಿಯಾಯಿತಿ ಹಣದ ರೂಪದ ದಾನಕ್ಕಷ್ಟೇ ಅನ್ವಯಿಸುತ್ತದೆ. ವಸ್ತು ಕೊಂಡ ಬಿಲ್ಲಿಗಾಗಲಿ, ಕೊಟ್ಟ ಬಟ್ಟೆ, ಧಾನ್ಯ, ಔಷಧಗಳಿಗಾಗಲಿ ಅದು ಸಿಗದು. 2,000 ರೂಪಾಯಿ ಮೀರಿದ ನಗದು ದಾನಕ್ಕೂ ರಿಯಾಯಿತಿ ಇಲ್ಲ. ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಟ್ಟು ಸಂಸ್ಥೆಯಿಂದ ದಾನದ ಪ್ರಮಾಣಪತ್ರ ಪಡೆಯಬೇಕು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ಸೌಲಭ್ಯ ದೊರೆಯುವುದಿಲ್ಲ. 1961ರ ಕಾಯಿದೆಯ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿಗೆಂದು ನಿಗದಿಯಾಗಿದ್ದು, ಅದರಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ತಮ್ಮ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳುವುದು ಕ್ಷೇಮ.

ಪರಊರಿನ ರೋಗಿಗೆ ಬೇಕಾದದ್ದು

ಮುಂಬಯಿಯ ಪರೇಲಿನಲ್ಲಿ 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಗೆ ದೇಶದ ಮೂಲೆಮೂಲೆಗಳಿಂದ ರೋಗಿಗಳು ಬರುತ್ತಾರೆ. ಚೆನ್ನೈಯ ಅಡ್ಯಾರಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1954ರಲ್ಲಿ 12 ಹಾಸಿಗೆಗಳಿಂದ ಆರಂಭಿಸಿದ ಕ್ಯಾನ್ಸರ್ ಸಂಸ್ಥೆಗೂ ಹಾಗೆಯೇ. ಚಿಕಿತ್ಸೆಗೆ ಅಲ್ಲಲ್ಲಿ ರಿಯಾಯಿತಿ ದೊರೆತರೂ, ತಿಂಗಳುಗಟ್ಟಲೆ ಮಹಾನಗರದಲ್ಲಿ ಉಳಿಯುವ ಖರ್ಚು ಬಡ ಕುಟುಂಬವನ್ನು ಮುರಿಯುತ್ತದೆ. ಉಳಿಯಲು ಜಾಗವಿಲ್ಲದೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳುವವರಿದ್ದಾರೆ. ಅಲ್ಲಿಗೆ ಆವರೆಗಿನ ಔಷಧವೂ ವ್ಯರ್ಥ, ಮಾಡಿದ ಸಾಲವೂ ವ್ಯರ್ಥ.

ಈ ಕೊರತೆಯನ್ನು ನೀಗಿಸಲೆಂದೇ ಮುಂಬಯಿಯಲ್ಲಿ ದಾದರಿನ ಸಂತ ಗಾಡಗೆ ಮಹಾರಾಜ್ ಧರ್ಮಶಾಲೆ, ಪರೇಲಿನ ನಾನಾ ಪಾಲ್ಕರ್ ಸ್ಮೃತಿ ಸಮಿತಿಗಳಂಥ ಸಂಸ್ಥೆಗಳು ದುಡಿಯುತ್ತಿವೆ. 2006ರಲ್ಲಿ ಆರಂಭವಾದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ಕ್ಯಾನ್ಸರ್ ಚಿಕಿತ್ಸೆಗೆ ಬಂದ ಮಕ್ಕಳಿಗೂ ತಂದೆತಾಯಿಯರಿಗೂ ಉಚಿತ ವಸತಿ ಒದಗಿಸುತ್ತದೆ. ಅಲ್ಲಿ ಪ್ರತಿ ಕುಟುಂಬಕ್ಕೂ ತನ್ನದೇ ಒಂದು ಮೂಲೆ, ಅಡುಗೆಗೆ ತನ್ನದೇ ಒಂದು ಒಲೆ. ಇಂಥ ಕಡೆ ಹಬ್ಬದ ದಿನದ ಒಂದು ದೊಡ್ಡ ಊಟಕ್ಕಿಂತ ಜುಲೈ ತಿಂಗಳ ಮಳೆಯಲ್ಲಿ ಬಂದ ಹತ್ತು ಕಿಲೋ ಬೇಳೆ ಹೆಚ್ಚು ಬೆಲೆಯುಳ್ಳದ್ದು. ದೀಪಾವಳಿಗೆ ಎಲ್ಲರೂ ಬರುತ್ತಾರೆ. ಆಷಾಢದಲ್ಲಿ ಬರುವವರು ಬೇಕಾಗಿದ್ದಾರೆ.

ವಸ್ತುರೂಪದಲ್ಲಿ ಕೊಡುವವರಿಗೆ ಕೆಲವು ಸೂಚನೆಗಳು:

• ಬಟ್ಟೆಯನ್ನು ಒಗೆದು, ಗುಂಡಿ ಹಾಕಿ, ಮಡಿಸಿ ಕೊಡಿ. ಹಳೆಯ ಹತ್ತಿ ಬಟ್ಟೆಯೂ ನಿರುಪಯುಕ್ತವಲ್ಲ. 1999ರಲ್ಲಿ ದೆಹಲಿಯಲ್ಲಿ ಆರಂಭವಾದ ಗೂಂಜ್ ಸಂಸ್ಥೆ ಅದನ್ನು ಶುಚಿಗೊಳಿಸಿ ಹಳ್ಳಿಯ ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳಲ್ಲಿ ಬಳಸುವ ಪ್ಯಾಡುಗಳನ್ನು ತಯಾರಿಸುತ್ತದೆ.

• ಹೆಣಿಗೆ, ಹೊಲಿಗೆ ಬಲ್ಲ ತಾಯಂದಿರು ಕೂದಲು ಉದುರಿದ ರೋಗಿಗಳಿಗೆ ಮೃದುವಾದ ಹತ್ತಿಯ ಟೋಪಿ ಮಾಡಿಕೊಡಬಹುದು. ಒರಟು ಉಣ್ಣೆ ತಲೆಗೆ ಚುಚ್ಚುತ್ತದೆ. ಅಳತೆ, ಬಣ್ಣ, ಸಂಖ್ಯೆಯನ್ನು ಸಂಸ್ಥೆಯಿಂದ ಕೇಳಿಕೊಂಡೇ ಆರಂಭಿಸಿ.

• ಮನೆಯಲ್ಲಿ ಉಳಿದ ಔಷಧಗಳನ್ನು ರೋಗಿಗಳ ಕೈಗೆ ನೇರವಾಗಿ ಕೊಡಬಾರದು. ಕತ್ತರಿಸಿದ ಪಟ್ಟಿಯಲ್ಲಿ ಹೆಸರೂ ಅವಧಿಯೂ ಕಾಣದೆ ಅಪಾಯವಾದೀತು. ಔಷಧ ತಜ್ಞರ ಮೇಲ್ವಿಚಾರಣೆಯಿರುವ ಸಂಸ್ಥೆ ಒಪ್ಪಿದರಷ್ಟೇ, ಮುದ್ರೆ ಒಡೆಯದ ಪಟ್ಟಿಗಳನ್ನು ಕೊಡಿ.

• ಗಾಲಿಕುರ್ಚಿ, ವಾಕರ್, ಆಸ್ಪತ್ರೆಯ ಮಂಚಗಳನ್ನು ರದ್ದಿಯವನಿಗೆ ಹಾಕದೆ, ಇಂಥ ಸಲಕರಣೆಗಳನ್ನು ಎರವಲು ಕೊಡುವ ಕೇಂದ್ರಗಳಿಗೆ ಒಪ್ಪಿಸಿ.

ಇಂದಿನ ಹಿಡಿ ಅಕ್ಕಿ

ಟಿ.ಬಿ. ಸೀಲಿನ ಕಾಲ ಹಿಂದೆ ಸರಿದರೂ ಕ್ಷಯ ಹಿಂದೆ ಸರಿದಿಲ್ಲ. ಔಷಧ ಸರ್ಕಾರದಿಂದ ಉಚಿತ. ಆದರೆ ಹೊಟ್ಟೆಗಿಲ್ಲದೆ ಔಷಧ ನುಂಗಿದರೆ ಮೈ ತಾಳದು. ಕೇಂದ್ರ ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ‘ನಿ-ಕ್ಷಯ ಮಿತ್ರ’ ಯೋಜನೆಯಡಿ ವ್ಯಕ್ತಿಗಳೂ ಸಂಘಸಂಸ್ಥೆಗಳೂ ಒಪ್ಪಿಗೆ ನೀಡಿದ ಕ್ಷಯರೋಗಿಗಳಿಗೆ ಪ್ರತಿ ತಿಂಗಳು ಧಾನ್ಯ, ಬೇಳೆ, ಎಣ್ಣೆ ಮೊದಲಾದವುಗಳ ಬುಟ್ಟಿ ಒದಗಿಸುವ ಹೊಣೆ ಹೊರಬಹುದು. ಅಜ್ಜಿಯ ಅಕ್ಕಿ ಡಬ್ಬಿಗೆ ಇದಕ್ಕಿಂತ ಹತ್ತಿರದ ರೂಪ ಇನ್ನೊಂದು ಕಾಣದು. ನಾಲ್ಕು ಮನೆಗಳು ಕೂಡಿ ಒಬ್ಬ ರೋಗಿಯ ಆರು ತಿಂಗಳ ಊಟವನ್ನು ನೋಡಿಕೊಳ್ಳುವುದು ಯಾವ ಸಂಘಕ್ಕೂ ಅಸಾಧ್ಯವೇನಲ್ಲ.

ಹಣವೇ ಬೇಡದ ದಾನಗಳೂ ಇವೆ. 18ರಿಂದ 65ರ ವಯಸ್ಸಿನ, 45 ಕಿಲೋಗಿಂತ ಕಡಿಮೆಯಿಲ್ಲದ ತೂಕದ ಆರೋಗ್ಯವಂತರಲ್ಲಿ ಪುರುಷರು ಮೂರು ತಿಂಗಳಿಗೊಮ್ಮೆ, ಮಹಿಳೆಯರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಅರವತ್ತು ದಾಟಿದವರು ಮೊದಲ ಸಲ ಕೊಡುವಂತಿಲ್ಲ. ತೀವ್ರ ಥಲಸ್ಸೀಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ಆ ಮಗುವಿಗೆ ರಕ್ತದಾನ ಶಿಬಿರದ ಋತು ಎಂಬುದಿಲ್ಲ. 1998ರಿಂದ ಕೆಲಸ ಮಾಡುತ್ತಿರುವ ಹೈದರಾಬಾದಿನ ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಸೊಸೈಟಿಯಂಥವು ನಿಯಮಿತ ದಾನಿಗಳನ್ನೇ ನೆಚ್ಚಿಕೊಂಡಿವೆ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಅರ್ಮಿಡಾ ಫೆರ್ನಾಂಡಿಸ್ ಅವರು ತೆರೆದ ಎದೆಹಾಲಿನ ಬ್ಯಾಂಕ್ ಏಷ್ಯಾದಲ್ಲೇ ಮೊದಲನೆಯದು. ಹಾಲು ಹೆಚ್ಚಿರುವ ಬಾಣಂತಿ ಅವಧಿಗೆ ಮುನ್ನ ಹುಟ್ಟಿದ ಮತ್ತೊಬ್ಬರ ಶಿಶುವನ್ನು ಉಳಿಸಬಹುದು. ನೇತ್ರದಾನಕ್ಕೆ ಕನ್ನಡಕವಾಗಲಿ ಪೊರೆ ಶಸ್ತ್ರಚಿಕಿತ್ಸೆಯಾಗಲಿ ಅಡ್ಡಿಯಲ್ಲ. ನಿಧನವಾದ ಸುಮಾರು ಆರು ಗಂಟೆಯೊಳಗೆ ನೇತ್ರಭಂಡಾರಕ್ಕೆ ತಿಳಿಸಿ ಕಣ್ಣು ತೆಗೆಯಲು ಅವಕಾಶ ಮಾಡಿಕೊಡಬೇಕು. ಆದ್ದರಿಂದ ಮನೆಯವರಿಗೆ ಮೊದಲೇ ಹೇಳಿಟ್ಟಿರಬೇಕು.

ಕೊಡುವ ಮುನ್ನ

ಸಂಸ್ಥೆಯ ನೋಂದಣಿ ಸಂಖ್ಯೆ ಕೇಳಿ. ಮಹಾರಾಷ್ಟ್ರದಲ್ಲಾದರೆ ಸಾರ್ವಜನಿಕ ನ್ಯಾಸಗಳು ಧರ್ಮಾದಾಯ ಆಯುಕ್ತರಲ್ಲಿ ದಾಖಲಾಗಿರುತ್ತವೆ. ನೀತಿ ಆಯೋಗದ ‘ಎನ್.ಜಿ.ಒ. ದರ್ಪಣ್’ ತಾಣದಲ್ಲೂ ಹೆಸರು ಹುಡುಕಬಹುದು. ವಾರ್ಷಿಕ ವರದಿ, ಪರಿಶೋಧಿತ ಲೆಕ್ಕಪತ್ರ ಕೇಳಿದರೆ ಒಳ್ಳೆಯ ಸಂಸ್ಥೆ ಬೇಸರಪಡದು. ಮಗುವಿನ ಚಿತ್ರ ತೋರಿಸಿ ಅವಸರ ಮಾಡುವ ಸಂದೇಶಗಳು ಬಂದಾಗ ಆಸ್ಪತ್ರೆಯ ಸಮಾಜಸೇವಾ ವಿಭಾಗಕ್ಕೆ ಕರೆಮಾಡಿ ಖಚಿತಪಡಿಸಿಕೊಳ್ಳಿ. ಸಾಧ್ಯವಾದರೆ ಹಣವನ್ನು ರೋಗಿಯ ಹೆಸರಿನಲ್ಲಿ ಆಸ್ಪತ್ರೆಯ ಖಾತೆಗೇ ಕಟ್ಟಿ. ಕ್ಯೂಆರ್ ಸಂಕೇತಕ್ಕೆ ಹಣ ಕಳಿಸುವ ಮುನ್ನ ಪರದೆಯಲ್ಲಿ ಮೂಡುವ ಹೆಸರು ಸಂಸ್ಥೆಯದೋ ವ್ಯಕ್ತಿಯದೋ ನೋಡಿ.

ಮನೆಯಲ್ಲಿ ಒಂದು ಪದ್ಧತಿ ಇಟ್ಟುಕೊಳ್ಳುವುದು ಸುಲಭ. ತಿಂಗಳ ರದ್ದಿಯ ಹಣ ಒಂದು ಡಬ್ಬಿಗೆ; ಮಕ್ಕಳ ಹುಟ್ಟುಹಬ್ಬಕ್ಕೆ ಒಂದು ಉಡುಗೊರೆ ಕಡಿಮೆ; ಅರಿಶಿನ ಕುಂಕುಮಕ್ಕೆ ಕೊಡುವ ಪ್ಲಾಸ್ಟಿಕ್ ಡಬ್ಬಿಗೆ ಬದಲು ಪುನರ್ವಸತಿ ಕೇಂದ್ರದ ಬಟ್ಟೆಚೀಲ; ಮದುವೆಯ ತಾಂಬೂಲಕ್ಕೂ ಅದೇ. ಒಂದೇ ಸಂಸ್ಥೆಯನ್ನು ಆರಿಸಿ ತಿಂಗಳಿಗೆ ಇನ್ನೂರಾದರೂ ತಪ್ಪದೆ ಕಳಿಸಿದರೆ ಅವರು ಮುಂದಿನ ತಿಂಗಳ ಔಷಧವನ್ನು ಧೈರ್ಯವಾಗಿ ತರಿಸಿಟ್ಟುಕೊಳ್ಳಬಹುದು. ವರ್ಷಕ್ಕೊಮ್ಮೆ ಬರುವ ದೊಡ್ಡ ಮೊತ್ತಕ್ಕಿಲ್ಲದ ಗುಣವಿದು.

ಕೊನೆಯದಾಗಿ, ಪರನಾಡಿನ ಕನ್ನಡಿಗರಾದ ನಮ್ಮಲ್ಲಷ್ಟೇ ಇರುವ ಒಂದು ಕೊಡುಗೆಯನ್ನು ಮರೆಯದಿರೋಣ. ರಾಯಚೂರಿನಿಂದಲೋ ವಿಜಯಪುರದಿಂದಲೋ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಹಿಂದಿಯೂ ಬಾರದು, ಮರಾಠಿಯೂ ಬಾರದು. ಗುಳಿಗೆ ಊಟಕ್ಕೆ ಮೊದಲೋ ನಂತರವೋ ಎಂಬುದೂ ಆಕೆಗೆ ಸರಿಯಾಗಿ ತಿಳಿದಿರುವುದಿಲ್ಲ. ವಾರಕ್ಕೆ ಎರಡು ಗಂಟೆ ಆಸ್ಪತ್ರೆಯ ಸಮಾಜಸೇವಾ ವಿಭಾಗದ ಮೂಲಕ ಅವಳ ಪಕ್ಕದಲ್ಲಿ ಕುಳಿತು ವೈದ್ಯರ ಮಾತನ್ನು ಕನ್ನಡದಲ್ಲಿ ಹೇಳಬಲ್ಲವರು ನಮ್ಮ ಪ್ರತಿ ಬಡಾವಣೆಯಲ್ಲೂ ಇದ್ದಾರೆ. ನಿವೃತ್ತರಾದ ಹಿರಿಯರು, ಮನೆಯಲ್ಲಿರುವ ಸೋದರಿಯರು ಈ ಕಾರ್ಯಕ್ಕೆ ಮುಂದಾದರೆ ಅದಕ್ಕೆ ರಸೀದಿಯ ಅಗತ್ಯವಿಲ್ಲ. ಆ ತಾಯಿ ಊರಿಗೆ ಮರಳಿದ ಮೇಲೂ ಔಷಧವನ್ನು ತಪ್ಪದೆ, ಸರಿಯಾಗಿ ಕೊಡುತ್ತಾಳೆಂಬ ಭರವಸೆ ಸಾಕು.